ಆರು ತಿಂಗಳು ನಡೆದರೂ ತೂಕ ಇಳಿಯಲಿಲ್ಲ, ಹಾಗಾದರೆ ನಡಿಗೆ ದಂಡವೇ?

ಪ್ರಶ್ನೆ: ನನಗೆ 46 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಎತ್ತರ 158 ಸೆಂ.ಮೀ., ತೂಕ 71 ಕೆ.ಜಿ. ಆರು ತಿಂಗಳಿಂದ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 45 ನಿಮಿಷ ನಡೆಯುತ್ತಿದ್ದೇನೆ. ಇಳಿದಿರುವುದು ಬರೀ ಒಂದು ಕೆ.ಜಿ. ಮಗ ಒಂದು ವಿಡಿಯೋ ತೋರಿಸಿದ. ವ್ಯಾಯಾಮದಿಂದ ತೂಕ ಇಳಿಯುವುದೇ ಇಲ್ಲ, ಎಲ್ಲಾ ಇರುವುದು ಊಟದಲ್ಲೇ ಅಂತ ಅದರಲ್ಲಿ ಹೇಳುತ್ತಾರೆ. ಹಾಗಾದರೆ ನಾನು ಸುಮ್ನೆ ಬೆಳಗಿನ ನಿದ್ದೆ ಕೆಡಿಸಿಕೊಳ್ಳುತ್ತಿದ್ದೇನಾ? ವಯಸ್ಸಾಯಿತು, ಇನ್ನು ಇಳಿಯುವುದಿಲ್ಲ ಅಂತ ಗೆಳತಿಯರು ಹೇಳುತ್ತಾರೆ, ಅದು ನಿಜವೇ? ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಬಹುದಾ?

ಉತ್ತರ: ದಯವಿಟ್ಟು ನಡಿಗೆ ನಿಲ್ಲಿಸಬೇಡಿ. ವಿಡಿಯೋದಲ್ಲಿ ಹೇಳಿದ್ದು ಅರ್ಧ ನಿಜ. ನಡಿಗೆಯೊಂದರಿಂದಲೇ ತೂಕ ಜಾಸ್ತಿ ಇಳಿಯುವುದಿಲ್ಲ, ಅದು ಸರಿ. ಆದರೆ ಊಟದ ಲೆಕ್ಕವೇ ಬೇರೆ, ಓಡಾಟದ ಲೆಕ್ಕವೇ ಬೇರೆ ಅಂದುಕೊಂಡರೆ ಎಡವುತ್ತೇವೆ. ನಾವು ಎಷ್ಟು ಮೈ ಅಲುಗಾಡಿಸುತ್ತೇವೆ ಅನ್ನುವುದರ ಮೇಲೆ ನಮ್ಮ ಹಸಿವೂ ನಿಂತಿದೆ. ಇದನ್ನು ಅಳೆದು ತೋರಿಸಿದ ಹಳೆಯ ಅಧ್ಯಯನಗಳಲ್ಲಿ ಒಂದು ನಡೆದದ್ದು ನಮ್ಮ ದೇಶದಲ್ಲೇ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದ್ದು.

ಜೀನ್ ಮೇಯರ್ ಎಂಬ ಪೌಷ್ಟಿಕತೆಯ ವಿಜ್ಞಾನಿ ಇದ್ದರು. 1920ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರವಾಗಿ ಹೋರಾಡಿ, ಆಮೇಲೆ ಅಮೆರಿಕದಲ್ಲಿ ನೆಲೆಸಿದರು. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಾ ಬೊಜ್ಜಿನ ಬಗ್ಗೆ ಸಂಶೋಧನೆ ಮಾಡಿದರು. ಆ ಕಾಲದಲ್ಲಿ ವೈದ್ಯರೂ ಸೇರಿ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ವ್ಯಾಯಾಮ ಮಾಡಿದರೆ ಹಸಿವು ಜಾಸ್ತಿಯಾಗುತ್ತದೆ, ಕರಗಿದ್ದನ್ನೆಲ್ಲ ತಿಂದು ತುಂಬಿಕೊಳ್ಳುತ್ತೇವೆ, ಅದರಿಂದ ಲಾಭವಿಲ್ಲ. ನಿಮ್ಮ ಮಗ ತೋರಿಸಿದ ವಿಡಿಯೋದ ವಾದ ಅಷ್ಟು ಹಳೆಯದು.

ಮೇಯರ್ ಮೊದಲು ಇಲಿಗಳನ್ನು ದಿನಾ ಬೇರೆ ಬೇರೆ ಹೊತ್ತು ಓಡಿಸಿ ನೋಡಿದರು. 1954ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಒಂದು ವಿಚಿತ್ರ ಕಂಡಿತು. ಸುಮ್ಮನೆ ಕೂತಿದ್ದ ಇಲಿಗಳಿಗಿಂತ ದಿನಕ್ಕೆ ಸ್ವಲ್ಪ ಹೊತ್ತು ಓಡಿದ ಇಲಿಗಳು ಕಡಿಮೆ ತಿಂದವು. ಇನ್ನೂ ಜಾಸ್ತಿ ಓಡಿಸಿದಾಗ ಮಾತ್ರ ಓಟಕ್ಕೆ ತಕ್ಕಂತೆ ಊಟ ಏರುತ್ತಾ ಹೋಯಿತು. ಮನುಷ್ಯರಲ್ಲೂ ಹೀಗೇನಾ ಅಂತ ನೋಡಲು, ಒಂದೇ ಊರಿನಲ್ಲಿ ಕೂತು ಕೆಲಸ ಮಾಡುವವರೂ ಮೈಮುರಿದು ದುಡಿಯುವವರೂ ಇರುವ ಜಾಗ ಬೇಕಾಗಿತ್ತು. ಅದು ಸಿಕ್ಕಿದ್ದು ಪಶ್ಚಿಮ ಬಂಗಾಳದಲ್ಲಿ, ಹೌರಾ ಜಿಲ್ಲೆಯ ಚೆಂಗೈಲ್‌ನ ಸೆಣಬಿನ ಗಿರಣಿಯಲ್ಲಿ.

ಅಲ್ಲಿ ಎಲ್ಲಾ ಥರದವರೂ ಇದ್ದರು. ದಿನವಿಡೀ ಅಂಗಡಿಯಲ್ಲಿ ಕೂತಿರುವ ವ್ಯಾಪಾರಿಗಳು, ಮೇಲ್ವಿಚಾರಕರು, ದರ್ಜಿಗಳು, ಗುಮಾಸ್ತರು, ಯಂತ್ರದ ಮುಂದೆ ನಿಂತು ಕೆಲಸ ಮಾಡುವವರು, ಕಮ್ಮಾರರು, ಹೊರೆ ಹೊರುವ ಕೂಲಿಗಳು. ಮೇಯರ್, ಅವರ ಜೊತೆ ಕೆಲಸ ಮಾಡಿದ ರಾಯ್ ಮತ್ತು ಮಿತ್ರ, ಮೂವರೂ ಸೇರಿ 213 ಮಂದಿಯ ತೂಕ, ಊಟ ಮತ್ತು ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡಿದರು. 1956ರಲ್ಲಿ ವರದಿ ಬಂತು. ಕಷ್ಟದ ಕೆಲಸ ಮಾಡುವವರು ಜಾಸ್ತಿ ತಿನ್ನುತ್ತಿದ್ದರು, ಆದರೂ ತೆಳ್ಳಗಿದ್ದರು. ಇದು ಯಾರಾದರೂ ಊಹಿಸುವಂಥದ್ದೇ. ಊಹಿಸದೇ ಇದ್ದದ್ದು ಇನ್ನೊಂದು. ಹಗುರ ಕೆಲಸದವರಿಗಿಂತ, ಏನೂ ಮೈ ಬಗ್ಗಿಸದೆ ಕೂತೇ ಇರುವವರು ಜಾಸ್ತಿ ತಿನ್ನುತ್ತಿದ್ದರು. ತೂಕದಲ್ಲೂ ಅವರೇ ಮುಂದೆ.

ಸ್ವಲ್ಪ ಯೋಚಿಸಿ. ಕೆಲಸ ಕಡಿಮೆಯಾದಂತೆ ಊಟವೂ ಕಡಿಮೆಯಾಗುತ್ತಾ ಹೋಗಬೇಕಿತ್ತು, ಅಲ್ವಾ? ಒಂದು ಮಟ್ಟದವರೆಗೆ ಹಾಗೇ ಆಗುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಕೂತುಬಿಟ್ಟ ದೇಹಕ್ಕೆ ಎಷ್ಟು ಬೇಕು, ಎಲ್ಲಿ ಸಾಕು ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ. ದಿನದ ಬಹುಪಾಲು ಕುರ್ಚಿಯಲ್ಲಿ ಕಳೆಯುವ ನಮ್ಮಂಥವರಿಗೆ ಮೇಯರ್ ಅವರ ಕೆಲಸದಲ್ಲಿ ಇದೇ ಮುಖ್ಯ ಮಾತು ಅಂತ ನನ್ನ ಅಭಿಪ್ರಾಯ.

ಈ ಅಧ್ಯಯನಕ್ಕೆ ಮಿತಿಗಳೂ ಇವೆ. ಅಂಗಡಿಯವರಿಗೂ ಕೂಲಿಗಳಿಗೂ ಕೆಲಸ ಮಾತ್ರ ಬೇರೆ ಇರಲಿಲ್ಲ. ಕೈಯಲ್ಲಿ ಓಡಾಡುವ ದುಡ್ಡೂ ಬೇರೆ, ಮನೆಯ ಅಡುಗೆಯೂ ಬೇರೆ. ಕೂತಿದ್ದರಿಂದ ದಪ್ಪವಾದರೋ, ಅನುಕೂಲಸ್ಥರಾಗಿದ್ದರಿಂದ ದಪ್ಪವಾದರೋ ಅಂತ ಒಂದು ಸಲ ಅಳೆದು ಹೇಳಲು ಬರುವುದಿಲ್ಲ. 2015ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 400ಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲೂ ಇದೇ ಚಿತ್ರ ಕಂಡಿತು. ತೀರಾ ಕಡಿಮೆ ಓಡಾಡುವವರ ಊಟ ಖರ್ಚಿಗಿಂತ ಮೇಲಿತ್ತು, ಕೊಬ್ಬೂ ಏರಿತು. ಆದರೆ ಅದಕ್ಕೆ ಹಣ ಕೊಟ್ಟದ್ದು ಕೋಕಾ ಕೋಲಾ. ಬೊಜ್ಜಿಗೆ ಕಾರಣ ಊಟಕ್ಕಿಂತ ಸೋಮಾರಿತನ ಅಂತ ಜನ ನಂಬಿದರೆ ಲಾಭ ಯಾರಿಗೆ ಅನ್ನುವುದನ್ನು ಮರೆಯಬಾರದು. ಅದೇ ವರ್ಷ ಆ ಕಂಪನಿಯ ಹಣದಿಂದ ನಡೆಯುತ್ತಿದ್ದ ವಿಜ್ಞಾನಿಗಳ ಒಂದು ಒಕ್ಕೂಟದ ವಿಷಯ ಪತ್ರಿಕೆಯಲ್ಲಿ ಬಯಲಾಗಿ, ಕೊನೆಗೆ ಅದನ್ನು ಮುಚ್ಚಬೇಕಾಯಿತು. ಹಾಗಾಗಿ ನಾನು ಈ ಸಂಗತಿಯನ್ನು ಒಪ್ಪುತ್ತೇನೆ, ಆದರೆ ಇದನ್ನು ಹಿಡಿದುಕೊಂಡು ಯಾರಾದರೂ ‘ಏನು ಬೇಕಾದರೂ ತಿನ್ನಿ, ಓಡಿ ಕರಗಿಸಿ’ ಅಂದರೆ ಒಪ್ಪುವುದಿಲ್ಲ.

ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ನಿಮ್ಮದೇ ಲೆಕ್ಕ ನೋಡೋಣ. 45 ನಿಮಿಷಕ್ಕೆ ನೀವು ಸುಮಾರು ಮೂರೂವರೆ ಕಿ.ಮೀ. ನಡೆಯುತ್ತೀರಿ ಅಂದುಕೊಳ್ಳಿ. 71 ಕೆ.ಜಿ. ತೂಕದವರಿಗೆ ಸುಮ್ಮನೆ ಕೂತಿದ್ದಾಗ ಆಗುವ ಖರ್ಚು ಬಿಟ್ಟು, ಮೇಲಿನ ಖರ್ಚು 130 ಕ್ಯಾಲೊರಿಯ ಆಸುಪಾಸು. ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. ವ್ಯಾಯಾಮ ಮಾಡಿದ ದಿನ ದೇಹ ಬೇರೆ ಕಡೆ ಸ್ವಲ್ಪ ಉಳಿತಾಯ ಮಾಡುತ್ತದೆ. 2021ರಲ್ಲಿ 1,754 ಜನರ ಅಳತೆಗಳನ್ನು ಒಟ್ಟು ಹಾಕಿ ನೋಡಿದಾಗ, ಹೀಗೆ ಹಿಂದಕ್ಕೆ ಹೋಗುವುದು ಸರಾಸರಿ ಶೇ. 28 ಅಂತ ಗೊತ್ತಾಯಿತು. ಹಾಗಾದರೆ ನಿಮಗೆ ದಿನಕ್ಕೆ ಉಳಿಯುವುದು ಸುಮಾರು 100 ಕ್ಯಾಲೊರಿ. ಆರು ತಿಂಗಳಿಗೆ 18,000. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕ್ಯಾಲೊರಿ ಇರುತ್ತದೆ. ಊಟದಲ್ಲಿ ಒಂದು ತುತ್ತೂ ಜಾಸ್ತಿಯಾಗದಿದ್ದರೆ ನೀವು ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಇಳಿಯಬೇಕಿತ್ತು. ಒಂದು ಇಳಿದಿದ್ದೀರಿ. ನಿಮ್ಮ ದೇಹದಲ್ಲಿ ಏನೂ ಕೆಟ್ಟಿಲ್ಲ, ಲೆಕ್ಕಕ್ಕೆ ತಕ್ಕಂತೆಯೇ ನಡೆದುಕೊಂಡಿದೆ.

ಇನ್ನೊಂದು ಕೆ.ಜಿ. ಎಲ್ಲಿ ಹೋಯಿತು? ದೊಡ್ಡ ಊಟದಲ್ಲಿ ಹುಡುಕಬೇಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ, ನಿಮ್ಮ ಇಡೀ ಬೆಳಗಿನ ನಡಿಗೆಯಷ್ಟು. ಕೆರೆ ಸುತ್ತಿ ಬಂದು ಗೆಳತಿಯರ ಜೊತೆ ಹೋಟೆಲಿನಲ್ಲಿ ಒಂದು ಉದ್ದಿನ ವಡೆ, ಸಕ್ಕರೆ ಹಾಕಿದ ಕಾಫಿ ಆಯಿತೋ, ಅವತ್ತಿನದು ಮುಗಿಯಿತು. ‘ಇಷ್ಟು ನಡೆದಿದ್ದೀನಲ್ಲ, ಪರವಾಗಿಲ್ಲ’ ಅಂತ ಒಂದು ಚಪಾತಿ ಜಾಸ್ತಿ ಹಾಕಿಕೊಂಡರೂ ಅಷ್ಟೇ.

ಓಡಾಟದಿಂದ ಖರ್ಚನ್ನು ಮನಸ್ಸಿಗೆ ಬಂದಷ್ಟು ಏರಿಸಲು ಆಗುವುದಿಲ್ಲ ಅನ್ನುವುದಕ್ಕೆ ಹಾಡ್ಜಾ ಜನರ ಅಧ್ಯಯನ ಪ್ರಸಿದ್ಧ. ಇವರು ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಗಂಡಸರು ದಿನಕ್ಕೆ 11 ಕಿ.ಮೀ. ಮೇಲೆ ನಡೆಯುತ್ತಾರೆ, ಹೆಂಗಸರು 6 ಕಿ.ಮೀ. ಹತ್ತಿರ. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಅವರಿಗೆ ಗುರುತು ಹಚ್ಚಿದ ಹೈಡ್ರೋಜನ್, ಆಮ್ಲಜನಕ ಇರುವ ನೀರು ಕುಡಿಸಿ, ಮೂತ್ರದಲ್ಲಿ ಅದು ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡಿ, ದಿನದ ಒಟ್ಟು ಖರ್ಚು ಕಂಡುಹಿಡಿದರು. 2012ರಲ್ಲಿ ಬಂದ ಉತ್ತರ ಎಲ್ಲರಿಗೂ ಆಶ್ಚರ್ಯ ತಂದಿತು. ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೆ ಹಾಡ್ಜಾಗಳ ಖರ್ಚೂ ಅಮೆರಿಕ, ಯುರೋಪಿನವರ ಖರ್ಚೂ ಹತ್ತಿರ ಹತ್ತಿರ ಒಂದೇ.

ವಯಸ್ಸಿನ ಮಾತಿಗೂ ಇದೇ ವಿಧಾನ ಉತ್ತರ ಕೊಟ್ಟಿದೆ. ಎಂಟು ದಿನದ ಕೂಸಿನಿಂದ 95 ವರ್ಷದವರ ತನಕ 6,400ಕ್ಕೂ ಹೆಚ್ಚು ಜನರ ಅಳತೆ 2021ರಲ್ಲಿ ಪ್ರಕಟವಾಯಿತು. ಮೈಯ ಗಾತ್ರಕ್ಕೆ ಹೋಲಿಸಿದರೆ 20ರಿಂದ 60 ವರ್ಷದವರೆಗೆ ಖರ್ಚು ಇಳಿಯುವುದೇ ಇಲ್ಲ, ಅರವತ್ತರ ಮೇಲೆ ನಿಧಾನವಾಗಿ ಇಳಿಯುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಕೊಬ್ಬು ಹೊಟ್ಟೆಯ ಕಡೆ ಸೇರುವುದು ನಿಜ. ಆದರೆ ನಲವತ್ತು ದಾಟಿದ ಮೇಲೆ ಮೈ ಕರಗುವುದೇ ನಿಂತುಹೋಗುತ್ತದೆ ಅನ್ನುವುದು ನಿಜವಲ್ಲ. ಗೆಳತಿಯರಿಗೆ ಧೈರ್ಯವಾಗಿ ಹೇಳಿ.

ಅಲ್ಲಿಗೆ ತೂಕ ಇಳಿಸುವ ಕೆಲಸದ ದೊಡ್ಡ ಪಾಲು ತಟ್ಟೆಯದು. ತಟ್ಟೆಯಲ್ಲಿ ಏನು? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮಾಡಿದ ಪ್ರಯೋಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡರು. ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಪ್ಯಾಕೆಟ್ ತಿನಿಸುಗಳ ಊಟ, ಎರಡು ವಾರ ಮನೆಯ ಥರದ ಅಡುಗೆ. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲಾ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದ ದಿನಗಳಲ್ಲಿ ಜನ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರದಲ್ಲಿ 0.9 ಕೆ.ಜಿ. ಏರಿದರು. ಅಡುಗೆ ಊಟದ ದಿನಗಳಲ್ಲಿ ಅಷ್ಟೇ ಇಳಿದರು. ಯಾರಿಗೂ ಡಯಟ್ ಹೇಳಿರಲಿಲ್ಲ. 500 ಅಂದರೆ ನಿಮ್ಮ ನಾಲ್ಕು–ಐದು ದಿನದ ನಡಿಗೆ. ಹನ್ನೊಂದು ಗಂಟೆಯ ಟೀ ಜೊತೆ ಬಿಸ್ಕತ್ತು, ಸಂಜೆ ಕುರುಕಲಿಗೆ ಚಿಪ್ಸು, ಮಕ್ಕಳಿಗೆ ಅಂತ ತಂದ ಇನ್‌ಸ್ಟಂಟ್ ನೂಡಲ್ಸು, ಇವನ್ನು ಮೊದಲು ಮನೆಗೆ ತರುವುದು ನಿಲ್ಲಿಸಿ. ಕಣ್ಣೆದುರು ಇಟ್ಟುಕೊಂಡು ತಿನ್ನದೇ ಇರುವುದು ತುಂಬಾ ಕಷ್ಟ.

ನಮ್ಮ ಊಟದ ದೋಷ ಬೇರೆಯೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದ (ಕಾರ್ಬೋಹೈಡ್ರೇಟ್). ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ ಜೊತೆಗೆ ಮತ್ತೆ ಒಂದು ಹಿಡಿ ಮೊಸರನ್ನ. ಪಲ್ಯ ತಟ್ಟೆಯ ಅಂಚಿನಲ್ಲಿ ಎರಡು ಚಮಚ. ಕಾಳು ಸಾರಿನಲ್ಲಿ ತೇಲುವಷ್ಟು. ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಾಲ್ಕು ದಿನ ನಡೆಯುವ ಮಾತು. ಬಡಿಸುವ ಕ್ರಮ ಬದಲಾಯಿಸಿ. ಮೊದಲು ತಟ್ಟೆಗೆ ಪಲ್ಯ ಅಥವಾ ಸೊಪ್ಪು ಹಾಕಿಕೊಳ್ಳಿ, ತಟ್ಟೆಯ ಅರ್ಧದಷ್ಟು. ಆಮೇಲೆ ಒಂದು ಬಟ್ಟಲು ಕಾಳು: ಹೆಸರುಕಾಳು ಉಸಲಿ, ಬಸ್ಸಾರಿನ ಕಾಳು, ಕಡಲೆ, ಯಾವುದಾದರೂ ಸರಿ. ಮೊಟ್ಟೆ, ಮೀನು ತಿನ್ನುವವರಾದರೆ ಅದು. ಉಳಿದ ಜಾಗಕ್ಕೆ ಅನ್ನವೋ ಮುದ್ದೆಯೋ. ರಾಗಿ ಅಂತ ಎರಡು ದೊಡ್ಡ ಮುದ್ದೆ ಉಂಡರೆ ಪ್ರಯೋಜನವಿಲ್ಲ, ಅದರಲ್ಲೂ ಇರುವುದು ಹೆಚ್ಚಾಗಿ ಪಿಷ್ಟವೇ.

ಎಣ್ಣೆಗೆ ಒಂದು ಸುಲಭ ಪರೀಕ್ಷೆ ಇದೆ. ಒಗ್ಗರಣೆಗೆ ಎಷ್ಟು ಹಾಕುತ್ತೀರಿ ಅಂತ ಕೇಳಿದರೆ ಎಲ್ಲರೂ ‘ಸ್ವಲ್ಪ’ ಅನ್ನುತ್ತಾರೆ. ತಿಂಗಳಿಗೆ ಎಷ್ಟು ಲೀಟರ್ ಖಾಲಿಯಾಯಿತು ಅಂತ ನೋಡಿ, ಮನೆಮಂದಿಯಿಂದ ಭಾಗಿಸಿ. ತಲೆಗೆ ಒಂದು ಲೀಟರ್ ಬಂದರೆ ದಿನಕ್ಕೆ 30 ಗ್ರಾಂ. ಕೂತು ಕೆಲಸ ಮಾಡುವವರಿಗೆ ತುಪ್ಪ, ಬೆಣ್ಣೆ ಎಲ್ಲಾ ಸೇರಿ 25 ಗ್ರಾಂ ಆಸುಪಾಸು ಸಾಕು. ಅಂದರೆ ನಾಲ್ವರ ಮನೆಗೆ ತಿಂಗಳಿಗೆ ಮೂರು ಲೀಟರ್ ಚಿಲ್ಲರೆ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದು ಹಾಕಲು ಶುರುಮಾಡಿ.

ಈಗ ಮತ್ತೆ ನಡಿಗೆಗೆ ಬರುತ್ತೇನೆ. ತೂಕದ ಯಂತ್ರದ ಮೇಲೆ ಕಾಣದ ಕೆಲಸವನ್ನು ಅದು ದಿನಾ ಮಾಡುತ್ತಿದೆ. ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು, ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಕರಗುತ್ತದೆ. ನಮಗೆ ಅಪಾಯ ಇರುವುದು ಆ ಕೊಬ್ಬಿನಿಂದಲೇ. ಪುಣೆಯ ಡಾ. ರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಇಟ್ಟಿದ್ದಾರೆ. ನಿಮ್ಮದು 28.4.

ಹಾಗಾಗಿ ಇನ್ನು ಮೇಲೆ ತೂಕದ ಜೊತೆಗೆ ಸೊಂಟವನ್ನೂ ಅಳೆಯಿರಿ. ಟೈಲರ್ ಟೇಪು ಸಾಕು. ಪಕ್ಕೆಲುಬಿನ ಕೊನೆಯ ಮೂಳೆ ಮತ್ತು ಸೊಂಟದ ಮೂಳೆಯ ಮೇಲಂಚು, ಎರಡರ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮಿತಿ. ತಿಂಗಳಿಗೊಮ್ಮೆ ಅಳೆದು ಬರೆದಿಡಿ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ನಡಿಗೆಯಲ್ಲಿ ಎರಡು ಬದಲಾವಣೆ ಮಾಡಿಕೊಳ್ಳಿ. ಬೆಳಿಗ್ಗೆ 45 ನಿಮಿಷ ನಡೆದು, ಹತ್ತರಿಂದ ಸಂಜೆಯವರೆಗೆ ಬ್ಯಾಂಕಿನ ಕುರ್ಚಿಯಲ್ಲಿ, ರಾತ್ರಿ ಟಿವಿ ಮುಂದೆ ಕೂತರೆ, ದಿನದ ಬಹುಭಾಗ ನೀವೂ ಚೆಂಗೈಲ್‌ನ ಅಂಗಡಿಯವರ ಹಾಗೇ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಫೈಲು ಬೇಕಾದರೆ ನೀವೇ ಎದ್ದು ತನ್ನಿ, ಮೇಲಿನ ಮಹಡಿಗೆ ಲಿಫ್ಟ್ ಬೇಡ. ಊಟವಾದ ಮೇಲೆ, ಮಧ್ಯಾಹ್ನವೂ ರಾತ್ರಿಯೂ, ಹತ್ತು ನಿಮಿಷ ನಿಧಾನಕ್ಕೆ ಅಡ್ಡಾಡಿ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದನ್ನು ಇದು ಚೆನ್ನಾಗಿ ತಡೆಯುತ್ತದೆ. ಇನ್ನೊಂದು, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಜಿಮ್ಮೇ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈ ಒತ್ತಿ ದಂಡ ಹೊಡೆಯುವುದು ಹತ್ತು ಸಲ, ಎರಡು ಲೀಟರ್ ನೀರಿನ ಬಾಟಲಿ ಎತ್ತುವುದು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಈ ವ್ಯಾಯಾಮ ಮತ್ತು ಆ ಬಟ್ಟಲು ಕಾಳು, ಎರಡೂ ಬೇಕು.

ಇಳಿದ ತೂಕವನ್ನು ಉಳಿಸಿಕೊಳ್ಳುವುದರಲ್ಲಂತೂ ಓಡಾಟಕ್ಕೆ ಸಾಟಿಯಿಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ. 13 ಕೆ.ಜಿ.ಗಿಂತ ಜಾಸ್ತಿ ಇಳಿಸಿ, ವರ್ಷಕ್ಕೂ ಮೇಲೆ ಹಾಗೇ ಉಳಿಸಿಕೊಂಡವರನ್ನು ಮಾತ್ರ ಅದಕ್ಕೆ ಸೇರಿಸುತ್ತಾರೆ. ಅವರ ಊಟಗಳು ನಾನಾ ಬಗೆ. ಆದರೆ ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಹೊತ್ತು, ಹೆಚ್ಚಿನವರು ನಡಿಗೆಯಿಂದಲೇ, ಮೈಗೆ ಕೆಲಸ ಕೊಡುತ್ತಾರೆ. ನಿಮಗೆ ಆ ಅಭ್ಯಾಸ ಆಗಲೇ ಮುಕ್ಕಾಲು ಪಾಲು ಬಂದಿದೆ. ತಟ್ಟೆ ಸರಿಮಾಡಿಕೊಂಡರೆ ತಿಂಗಳಿಗೆ ಒಂದು, ಒಂದೂವರೆ ಕೆ.ಜಿ. ಇಳಿಯಬಹುದು. ಅದಕ್ಕಿಂತ ಬೇಗ ಬೇಡ. ಮೂರು ತಿಂಗಳಾದರೂ ತೂಕ, ಸೊಂಟ ಎರಡೂ ಅಲುಗಾಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಯಜಮಾನರಿಗೆ ಮಾತ್ರ ಅಂತ ಸುಮ್ಮನಿರಬೇಡಿ, ನಿಮ್ಮ ಎಚ್‌ಬಿಎ1ಸಿ (ರಕ್ತದಲ್ಲಿ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಕೂಡ ಒಮ್ಮೆ ನೋಡಿಸಿ.

ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಅವರು ತೆಗೆದುಕೊಳ್ಳುವ ಮಾತ್ರೆ ಯಾವುದು ಅಂತ ಮೊದಲು ಚೀಟಿ ನೋಡಿ. ಬರೀ ಮೆಟ್‌ಫಾರ್ಮಿನ್ ಆದರೆ ನಡೆಯುವಾಗ ಸಕ್ಕರೆ ತೀರಾ ಕೆಳಗಿಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಬರಿಹೊಟ್ಟೆಯಲ್ಲಿ ದೂರ ನಡೆಸಬೇಡಿ. ಏನಾದರೂ ಸ್ವಲ್ಪ ತಿಂದು ಹೊರಡಲಿ. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಕಂಡರೆ ಅಲ್ಲೇ ಕೂರಿಸಿ ಅದನ್ನು ತಿನ್ನಿಸಿ. ನಡೆಯುವಾಗ ಎದೆ ಬಿಗಿಯುತ್ತದೆ, ಏದುಸಿರು ಬರುತ್ತದೆ ಅಂದರೆ ವೈದ್ಯರಿಗೆ ತೋರಿಸಿದ ಮೇಲೆಯೇ ಮುಂದುವರಿಸಿ. ಚಪ್ಪಲಿಯಲ್ಲಿ ನಡೆಸಬೇಡಿ. ಹತ್ತಿಯ ಕಾಲುಚೀಲ, ಬೆರಳಿಗೆ ಒತ್ತದ ಶೂ ಕೊಡಿಸಿ. ಮನೆಗೆ ಬಂದ ಮೇಲೆ ಅಂಗಾಲು, ಬೆರಳುಗಳ ಸಂದಿ ನೀವೇ ನೋಡಿ. ಸಕ್ಕರೆ ಕಾಯಿಲೆ ಇರುವವರಿಗೆ ಗುಳ್ಳೆ ಎದ್ದರೂ ಎಷ್ಟೋ ಸಲ ನೋವು ಗೊತ್ತಾಗುವುದಿಲ್ಲ. ರಾತ್ರಿ ಊಟದ ಮೇಲಿನ ಹತ್ತು ನಿಮಿಷದ ಅಡ್ಡಾಟಕ್ಕೂ ಅವರನ್ನು ಎಬ್ಬಿಸಿ, ನಿಮಗಿಂತ ಅವರಿಗೇ ಅದು ಹೆಚ್ಚು ಬೇಕು.